ಬಾಗಿಲಿಲ್ಲದ ಕಾರಿನ ಜೊತೆ ಆರು ವರ್ಷ: ಮೊದಲ ಕಿಟ್ ಕಾರು ಕೊಳ್ಳುವವರಿಗೆ

ಕಿಟ್ ಕಾರು ಅಂದರೆ ಬಿಡಿ ಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಗಾಡಿ. ನನ್ನ ಕಾರು: ವೆಸ್ಟ್‌ಫೀಲ್ಡ್ ಎಸ್‌ಇಐ, 2001ರ ನೋಂದಣಿ. ಎಂಜಿನ್ ಫೋರ್ಡ್ ಝೀಟೆಕ್ 1.8, ಎರಡು ವೆಬರ್ ಕಾರ್ಬುರೇಟರ್. ಕೊಂಡಿದ್ದು 2019ರ ಏಪ್ರಿಲ್‌ನಲ್ಲಿ, 9,200 ಪೌಂಡ್‌ಗೆ. ಇಲ್ಲಿಯವರೆಗೆ ನಾನು ಓಡಿಸಿದ್ದು 13,400 ಮೈಲಿ. ನಾವಿರುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ.

ಕೊಂಡ ವರ್ಷವೇ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಗ್ಯಾರೇಜಿನಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದಕ್ಕೆ ಬಾಗಿಲು ಎಲ್ಲೋ?" ಅಂದರು. ಇಲ್ಲ ಅಂದೆ. "ಮೇಲೆ ತಗಡು?" ಅದೂ ಇಲ್ಲ. "ಇಷ್ಟು ದುಡ್ಡು ಕೊಟ್ಟು ಅರ್ಧ ಗಾಡಿ ತಂದಿದ್ದೀಯಲ್ಲೋ!" ಅಂದವರು ಆಮೇಲೆ ಸೀರೆ ಎತ್ತಿ ಹಿಡಿದು, ಗಾಡಿಯ ಪಕ್ಕದ ಅಂಚು ದಾಟಿ ಒಳಗೆ ಕೂತೇಬಿಟ್ಟರು. ಸೈಲೆನ್ಸರ್ ಎಡಗಡೆ, ಅಂದರೆ ಪಕ್ಕದ ಸೀಟಿನವರು ಹತ್ತುವ ಕಡೆಯೇ ಹಾದುಹೋಗುತ್ತದೆ. ಗಾಡಿ ತಣ್ಣಗಿತ್ತು, ಬಚಾವಾದೆವು. ಬಿಸಿ ಇದ್ದಾಗ ಅದು ದೋಸೆ ಹಂಚೇ. ಕಾಲಿನ ಮೀನಖಂಡದ ಮೇಲೆ ನನಗೂ ಒಂದು ಗುರುತಿದೆ.

ಈ ಜಾತಿಯ ಗಾಡಿಗಳ ಕಥೆ ಶುರುವಾಗುವುದು 1957ರಲ್ಲಿ, ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸೆವೆನ್ ಕಾರಿನಿಂದ. ಆಗ ಬ್ರಿಟನ್‌ನಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಇತ್ತು, ಬಿಡಿ ಭಾಗಗಳಾಗಿ ತಂದು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. ಜೋಡಿಸುವ ಕೈಪಿಡಿ ಕೊಡುವಂತಿಲ್ಲ ಅಂತ, ಬಿಚ್ಚುವ ಕೈಪಿಡಿ ಕೊಟ್ಟು "ಹಿಂದಿನಿಂದ ಓದಿಕೊಳ್ಳಿ" ಅನ್ನುತ್ತಿದ್ದರಂತೆ. ನಮ್ಮವರಿಗೆ ಈ ಬುದ್ಧಿ ಹೊಸದೇನಲ್ಲ ಬಿಡಿ. 1973ರಲ್ಲಿ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಎಂಬತ್ತರ ದಶಕದಲ್ಲಿ ವೆಸ್ಟ್‌ಫೀಲ್ಡ್ ಬಂತು, ಕೇಟರ್‌ಹ್ಯಾಮ್ ಜೊತೆ ಕೋರ್ಟ್ ಜಗಳವೂ ಆಗಿ ತನ್ನ ಆಕಾರ ಬದಲಿಸಿಕೊಂಡಿತು. ಇವಲ್ಲದೆ ಇನ್ನೂ ಹತ್ತಾರು ಹೆಸರುಗಳಿವೆ. ಗ್ಯಾರೇಜಿನಲ್ಲಿ ಕಬ್ಬಿಣದ ಕೊಳವೆ ಬೆಸುಗೆ ಹಾಕಿ ತಾವೇ ಮಾಡಿಕೊಂಡ 'ಲೋಕಾಸ್ಟ್'ಗಳೂ ಇವೆ.

ನನ್ನ ಗಾಡಿಯ ತೂಕ ಸುಮಾರು 600 ಕೆಜಿ. ಊರಲ್ಲಿ ಓಡಿಸುತ್ತಿದ್ದ ಹಳೇ ಮಾರುತಿ 800 ಇದಕ್ಕಿಂತ ಸ್ವಲ್ಪ ಭಾರವೇ. ಅದರಲ್ಲಿ ಇದ್ದದ್ದು 40ರ ಒಳಗಿನ ಅಶ್ವಶಕ್ತಿ, ಇದರಲ್ಲಿ 130ರ ಹತ್ತಿರ. ಇಷ್ಟು ಹೇಳಿದರೆ ಸಾಕು ಅಲ್ವಾ? ವೇಗದ ಬಗ್ಗೆ ಜಾಸ್ತಿ ಬರೆಯಲ್ಲ. ಎಲ್ಲರೂ ಅದನ್ನೇ ಕೇಳುತ್ತಾರೆ, ಕೊಳ್ಳುವಾಗ ಅದರಿಂದಲೇ ಮೋಸ ಹೋಗುತ್ತಾರೆ.

ನಾನೂ ಹೋಗುವುದರಲ್ಲಿದ್ದೆ. ಮೊದಲು ನೋಡಿದ್ದು ಈ ಗಾಡಿಯನ್ನಲ್ಲ, ಬೇರೆ ಊರಿನ ಒಂದು ಹಳದಿ ಗಾಡಿಯನ್ನು. 200 ಅಶ್ವಶಕ್ತಿ ಅಂತ ಬರೆದಿದ್ದರು. ಹನ್ನೆರಡು ವರ್ಷದಲ್ಲಿ ಓಡಿದ್ದು ಬರೀ 900 ಮೈಲಿ. ಮದುಮಗಳ ಹಾಗೆ ಹೊಳೆಯುತ್ತಿತ್ತು. ಮಾಮೂಲಿ ಕಾರಾಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದಿತ್ತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಜ್ಜ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಮಂಡಿಯೂರಿ ಟೈರಿನ ಪಕ್ಕ ಕೂತು, ಹೆಬ್ಬೆರಳಿಂದ ಧೂಳು ಒರೆಸಿ ನನ್ನನ್ನು ಕರೆದರು. ಅಲ್ಲಿ ನಾಲ್ಕು ಅಂಕಿ: 2306. ಅಂದರೆ 2006ನೇ ಇಸವಿಯ 23ನೇ ವಾರ ತಯಾರಾದ ಟೈರು. ನೋಡಲು ಹೊಸದರ ಹಾಗಿತ್ತು. ಉಗುರು ಒತ್ತಿದರೆ ಒಂಚೂರೂ ಒಳಗೆ ಹೋಗಲಿಲ್ಲ, ಪ್ಲಾಸ್ಟಿಕ್ ಆಗಿಬಿಟ್ಟಿತ್ತು. 200 ಅಶ್ವಶಕ್ತಿಯನ್ನು ಆ ಟೈರಿನ ಮೇಲೆ ಮಳೆಯಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಅವರು ಕೈಯಲ್ಲೇ ಒಂದು ಗಿರಕಿ ಹೊಡೆದು ತೋರಿಸಿದರು.

ಅಜ್ಜ ಆವತ್ತು ಹೇಳಿದ್ದನ್ನು ಆರು ವರ್ಷದಿಂದ ಪರೀಕ್ಷೆ ಮಾಡುತ್ತಲೇ ಇದ್ದೇನೆ, ಇನ್ನೂ ಸುಳ್ಳಾಗಿಲ್ಲ. ಕಿಟ್ ಕಾರಿನಲ್ಲಿ ಮೈಲಿ ಕಡಿಮೆ ಇದ್ದಷ್ಟೂ ಅನುಮಾನ ಜಾಸ್ತಿ ಇರಬೇಕು. ಇದನ್ನು ಕಾರ್ಖಾನೆಯವರು ಜೋಡಿಸಿಲ್ಲ, ಯಾರೋ ಒಬ್ಬರು ಶನಿವಾರ ಭಾನುವಾರ ಕೂತು ಜೋಡಿಸಿದ್ದಾರೆ. ಅವರು ಮಾಡಿದ ತಪ್ಪುಗಳು ಹೊರಬೀಳುವುದೇ ಓಡಿಸಿದಾಗ. ಮೊದಲ ಎರಡು ಮೂರು ಸಾವಿರ ಮೈಲಿಯಲ್ಲಿ ಬೋಲ್ಟು ಸಡಿಲವಾಗುತ್ತದೆ, ವೈರು ಉಜ್ಜಿ ಸವೆಯುತ್ತದೆ, ಪೈಪು ಸೋರುತ್ತದೆ. 900 ಮೈಲಿಯ ಗಾಡಿ ಕೊಂಡರೆ ಆ ಕೆಲಸವೆಲ್ಲ ನಿಮ್ಮ ತಲೆಗೆ. ನನ್ನ ವೆಸ್ಟ್‌ಫೀಲ್ಡ್ ಆಗಲೇ 31,000 ಮೈಲಿ ಓಡಿತ್ತು. ಮೂಗಿನ ಮೇಲೆ ಕಲ್ಲು ಬಡಿದ ಚುಕ್ಕೆಗಳು, ಸೀಟಿನ ಅಂಚು ಹರಿದಿತ್ತು. ಬೆಲೆಯೂ ಕಡಿಮೆ.

ಇದನ್ನು ಮನೆಯಲ್ಲಿ ಕೂತೇ ಪರೀಕ್ಷಿಸಬಹುದು. ಬ್ರಿಟನ್‌ನಲ್ಲಿ ಪ್ರತಿ ವರ್ಷದ ಎಂಒಟಿ ತಪಾಸಣೆಯ ಇತಿಹಾಸ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಂಬರ್ ಪ್ಲೇಟ್ ಸಂಖ್ಯೆ ಹಾಕಿ. ವರ್ಷಕ್ಕೆ ಸಾವಿರ, ಎರಡು ಸಾವಿರ ಮೈಲಿ ಒಂದೇ ಸಮ ಓಡಿದ್ದರೆ ಒಳ್ಳೆಯದು. 'ಬೇರಿಂಗ್ ಸ್ವಲ್ಪ ಸಡಿಲ' ಅಂತ ಒಂದು ವರ್ಷ ಬರೆದಿದ್ದು ಮುಂದಿನ ವರ್ಷ ಮಾಯವಾಗಿದ್ದರೆ ಇನ್ನೂ ಒಳ್ಳೆಯದು. ಆ ಮಾಲೀಕರು ಹೇಳಿದ್ದನ್ನು ಕೇಳಿಸಿಕೊಂಡು ಸರಿ ಮಾಡಿಸಿದ್ದಾರೆ ಅಂತ ಅರ್ಥ.

ಇನ್ನು ಎದುರಿಗೆ ನೋಡುವಾಗ ಹೊಳಪು ಬಿಡಿ, ಕೆಳಗೆ ಮಲಗಿ. ಚಾಸಿಸ್ ಅಂದರೆ ಸಣ್ಣ ಉಕ್ಕಿನ ಕೊಳವೆಗಳ ಜಾಲ, ಅದರ ಮೇಲೆ ಪೌಡರ್ ಕೋಟಿಂಗ್. ಬಣ್ಣ ಸೀಳಿದ ಕಡೆ ನೀರು ಒಳಗೆ ಸೇರಿ, ಮೇಲೆ ಬಣ್ಣ ಹಾಗೇ ಇರುವಾಗಲೇ ಕೆಳಗೆ ತುಕ್ಕು ಹರಡುತ್ತದೆ. ನಾನು ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡುತ್ತೇನೆ. ಹಪ್ಪಳ ಎದ್ದ ಹಾಗೆ ಸಣ್ಣ ಗುಳ್ಳೆ ಕಂಡರೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕೊಳವೆ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಧಪ್ ಅನ್ನುತ್ತದೆ. ಹಿಂದಿನ ಸಸ್ಪೆನ್ಷನ್ ಸೇರುವ ಮೂಲೆ, ರಿವೆಟ್ ಹೊಡೆದ ಸಾಲು, ಇವೆರಡು ಕಡೆ ತಪ್ಪದೆ ನೋಡಿ. ಅಲ್ಯೂಮಿನಿಯಂ ಹಾಳೆ ಉಕ್ಕಿಗೆ ತಾಗಿಕೊಂಡಿರುವಲ್ಲಿ ಒದ್ದೆಯಾದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಎಂಜಿನ್ ಹಾಳಾದರೆ ಇನ್ನೊಂದು ಸಿಗುತ್ತದೆ. ಚಾಸಿಸ್ ಕೊಳೆತರೆ ಇಡೀ ಗಾಡಿ ಬಿಚ್ಚಬೇಕು.

ಆಮೇಲೆ ವೈರಿಂಗ್. ನಾನು ಸೋತಿದ್ದು ಇಲ್ಲೇ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸಲ ಇಣುಕಿ, ಸರಿ ಇರಬಹುದು ಅಂತ ಬಿಟ್ಟಿದ್ದೆ. ಎರಡನೇ ವರ್ಷ ಅಕ್ಟೋಬರ್‌ನಲ್ಲಿ, ಬಕ್ಸ್‌ಟನ್‌ನಿಂದ ಮ್ಯಾಕಲ್ಸ್‌ಫೀಲ್ಡ್ ಕಡೆ ಬರುವ ಎ537 ರಸ್ತೆ, ಇಲ್ಲಿಯವರು ಕ್ಯಾಟ್ ಅಂಡ್ ಫಿಡಲ್ ಅನ್ನುತ್ತಾರೆ. ಬೆಟ್ಟದ ಮೇಲೆ ಸಂಜೆ ಏಳಕ್ಕೆ ಮಳೆ. ಒಂದು ತಿರುವಿನಲ್ಲಿ ಹೆಡ್‌ಲೈಟ್, ವೈಪರ್, ಮೀಟರ್ ದೀಪ ಎಲ್ಲ ಒಟ್ಟಿಗೆ ಹೋದವು. ಎಂಜಿನ್ ಮಾತ್ರ ಓಡುತ್ತಿತ್ತು, ಅದಕ್ಕೆ ಬೇರೆ ವೈರು. ರಸ್ತೆ ಬದಿಗೆ ಇಳಿಸಿ ಮೊಬೈಲ್ ಬೆಳಕಲ್ಲಿ ನೋಡಿದರೆ, ಐದು ಭೂ-ಸಂಪರ್ಕದ ವೈರುಗಳನ್ನು ಕೈಯಲ್ಲಿ ತಿರುಚಿ, ಕರೀ ಟೇಪು ಸುತ್ತಿ, ಒಂದೇ ಸ್ಕ್ರೂಗೆ ಸಿಕ್ಕಿಸಿದ್ದರು. ಟೇಪು ಕೊಳೆತು ಜೇನಿನ ಹಾಗೆ ಅಂಟಂಟು. ಸ್ಕ್ರೂ ಸಡಿಲವಾಗಿ ವೈರು ಜೋತು ಬಿದ್ದಿತ್ತು. ಹಿಂದೆ ಕೂದಲು ಕಟ್ಟುವ ರಬ್ಬರ್ ಬ್ಯಾಂಡಿನಿಂದ (ಹೆಂಡತಿಯದು) ಕಟ್ಟಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಆ ಚಳಿಗಾಲ ಪೂರ್ತಿ ವೈರಿಂಗ್ ಹೊಸದಾಗಿ ಎಳೆದೆ, 340 ಪೌಂಡು ಮತ್ತು ಹನ್ನೊಂದು ಭಾನುವಾರ. ಡ್ಯಾಶ್‌ಬೋರ್ಡ್ ಬಿಚ್ಚಲು ಮಾರುವವರು ಒಪ್ಪದಿದ್ದರೆ ಬೆಲೆಯಲ್ಲಿ ಅಷ್ಟನ್ನು ಇಳಿಸಿಯೇ ಮಾತಾಡಿ.

ಕಾಗದಪತ್ರದಲ್ಲೂ ಒಂದು ಗುಂಡಿ ಇದೆ. ಇಂಥ ಗಾಡಿಗಳು ಹಳೇ ಫೋರ್ಡ್‌ನಿಂದಲೋ ಮಾಜ್ಡಾದಿಂದಲೋ ಭಾಗ ತೆಗೆದು ಕಟ್ಟಿದವು. ಕೆಲವು ಹಳೆಯ ಗಾಡಿಗಳ ಲಾಗ್‌ಬುಕ್‌ನಲ್ಲಿ (ನಮ್ಮ ಆರ್‌ಸಿ ಪುಸ್ತಕದ ಹಾಗೆ) ಇವತ್ತಿಗೂ ಆ ಮೂಲ ಕಾರಿನ ಹೆಸರೇ ಇರುತ್ತದೆ. ಚಾಸಿಸ್ ಮೇಲಿನ ಸಂಖ್ಯೆ ಒಂದು, ಪುಸ್ತಕದಲ್ಲಿ ಇನ್ನೊಂದು. ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಕ್ಯೂ ಅಕ್ಷರದ ನಂಬರ್ ಪ್ಲೇಟ್ ಕಂಡರೆ ಹೆದರುವುದು ಬೇಡ. ಭಾಗಗಳ ವಯಸ್ಸು ಖಚಿತವಾಗಿ ಗೊತ್ತಿಲ್ಲ ಅಂತ ಅದರ ಅರ್ಥ, ಕಳ್ಳಮಾಲು ಅಂತಲ್ಲ. ಮಾರುವಾಗ ಮಾತ್ರ ಚೌಕಾಸಿ ಜಾಸ್ತಿ ನಡೆಯುತ್ತದೆ.

ಅರ್ಧ ಜೋಡಿಸಿದ ಕಿಟ್ ಅಗ್ಗಕ್ಕೆ ಸಿಗುತ್ತದೆ, ಆಸೆಯೂ ಆಗುತ್ತದೆ. ಮೊದಲ ಗಾಡಿಗೆ ಬೇಡವೇ ಬೇಡ. ರಸ್ತೆಗೆ ಇಳಿಸಲು ಐವಿಎ ಅನ್ನುವ ಸರ್ಕಾರಿ ಪರೀಕ್ಷೆ ಪಾಸಾಗಬೇಕು. 2009ರಿಂದ ಇದಿದೆ, ಅದಕ್ಕೂ ಮುಂಚೆ ಎಸ್‌ವಿಎ ಇತ್ತು. ಚೂಪಾದ ಅಂಚು ಎಲ್ಲಿಯೂ ಇರಬಾರದು ಅಂತ ಬೋಲ್ಟಿನ ತಲೆಗೂ ಟೋಪಿ ಹಾಕಿಸುತ್ತಾರೆ. ಮೋಟರ್‌ಸೈಕಲ್ ಎಂಜಿನ್ ಹಾಕಿದವೂ ಇವೆ, ಕೂಗು ಕೇಳಿದರೆ ಮೈ ಜುಮ್ ಅನ್ನುತ್ತದೆ. ಬಹಳಷ್ಟಕ್ಕೆ ರಿವರ್ಸ್ ಗೇರ್ ಇಲ್ಲ. ಇಳಿದು ತಳ್ಳಬೇಕು. ಪೆಟ್ರೋಲ್ ಬಂಕ್‌ನಲ್ಲಿ ಒಂದು ಸಲ ತಳ್ಳಿದರೆ ಸಾಕಾಗುತ್ತದೆ.

ಕೂತು ನೋಡದೆ ಮಾತ್ರ ಕೊಳ್ಳಬೇಡಿ. ಕೇಟರ್‌ಹ್ಯಾಮ್‌ನ ಸಾಮಾನ್ಯ ಚಾಸಿಸ್ ಬಹಳ ಇಕ್ಕಟ್ಟು. ದೊಡ್ಡ ಮೈಯವರಿಗೆ ಅಂತಲೇ 2000ನೇ ಇಸವಿಯಲ್ಲಿ ಅಗಲದ ಎಸ್‌ವಿ ತಂದರು. ನಾನು ಐದಡಿ ಹತ್ತಿಂಚು, ಹೊಟ್ಟೆ ಸ್ವಲ್ಪ ಇದೆ, ವೆಸ್ಟ್‌ಫೀಲ್ಡ್ ಹಿಡಿಸಿತು. ಕಿಟ್ ಕಾರ್ ಮೇಳಕ್ಕೆ ಹೋದರೆ ಹಲವು ಗಾಡಿಗಳಲ್ಲಿ ಒಂದೇ ದಿನ ಕೂತು ನೋಡಬಹುದು. ಪೆಡಲ್‌ಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ಸಾಮಾನ್ಯ ಶೂ ಹಾಕಿದರೆ ಬ್ರೇಕ್ ಜೊತೆ ಆಕ್ಸಿಲರೇಟರೂ ಒತ್ತುತ್ತದೆ. ನಾನು ಹಾಕುವುದು ಶಿವಮೊಗ್ಗದಲ್ಲಿ ತಂದ ಬಿಳೀ ಕ್ಯಾನ್ವಾಸ್ ಶೂ, ಸ್ಕೂಲಿನ ಪಿಟಿ ಕ್ಲಾಸಿಗೆ ಹಾಕುತ್ತಿದ್ದೆವಲ್ಲ, ಅದೇ. ತೆಳುವಾದ ಅಟ್ಟೆ, ಕಿರಿದಾದ ಪಾದ. ಇಷ್ಟು ಚೆನ್ನಾಗಿ ಹೊಂದುವ ಶೂ ಇಲ್ಲಿ ನೂರು ಪೌಂಡಿಗೂ ಸಿಗಲಿಲ್ಲ.

ಟೈರ್ ಗಾಳಿಯ ವಿಷಯ. ಹೊಸ ಟೈರ್ ಹಾಕಿಸಿಕೊಂಡು ಬಂದ ದಿನ ಗಾಡಿ ಮೇಕೆಮರಿ ಹಾಗೆ ಕುಣಿಯಿತು. ರಸ್ತೆಯ ಬಿಳೀ ಗೆರೆ ದಾಟಿದರೂ ಸ್ಟೀರಿಂಗ್ ಕೈ ಕೊಸರಿಕೊಳ್ಳುತ್ತಿತ್ತು. ಎರಡು ದಿನ ಸಸ್ಪೆನ್ಷನ್ ಬಿಚ್ಚಿ ತಲೆ ಕೆಡಿಸಿಕೊಂಡೆ. ಅಂಗಡಿಯವರು ಅಭ್ಯಾಸಬಲದಿಂದ 32 ತುಂಬಿಸಿದ್ದರು. ಇಷ್ಟು ಹಗುರದ ಗಾಡಿಗೆ ನಾನು ಹಾಕುವುದು 18. ಇಳಿಸಿದೆ, ಕುಣಿತ ನಿಂತಿತು. ಅಂದಿನಿಂದ ಮೀಟರ್ ನನ್ನ ಜೇಬಿನಲ್ಲೇ.

ಆರು ವರ್ಷದಲ್ಲಿ ಇಷ್ಟವಾಗದ್ದೂ ಇದೆ. ಮೇಲಿನ ಬಟ್ಟೆಯ ಹುಡ್ ಚಳಿಗೆ ಕುಗ್ಗಿ ಗುಂಡಿ ಸೇರುವುದೇ ಇಲ್ಲ. ಸೇರಿಸುವಷ್ಟರಲ್ಲಿ ಮಳೆ ನಿಂತಿರುತ್ತದೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೆದ್ದಾರಿಯಲ್ಲಿ ಲಾರಿಯ ಚಕ್ರದ ನಟ್ಟು ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಚಾಲಕನಿಗೆ ನಾನು ಕಾಣುವುದೇ ಅನುಮಾನ, ಹಾಗಾಗಿ ಹೆದ್ದಾರಿಗೆ ಹೋಗುವುದೇ ಬಿಟ್ಟಿದ್ದೇನೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಭಾವ ಕೇಳುವ ಪ್ರಶ್ನೆ, "ಎಷ್ಟು ಕೊಡುತ್ತೆ?" ಲೀಟರಿಗೆ ಹತ್ತು ಕಿಲೋಮೀಟರ್, ಮೆಲ್ಲಗೆ ಓಡಿಸಿದರೆ. ಮೆಲ್ಲಗೆ ಓಡಿಸುವುದಿಲ್ಲ. ಊರಿಗೆ ತರಬಹುದಾ ಅಂತಲೂ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಗಾಡಿಯ ಮೂಲ ರೂಪ ಬದಲಿಸುವುದಕ್ಕೇ ತಡೆ ಇದೆ. ಗ್ಯಾರೇಜಿನಲ್ಲಿ ಕಟ್ಟಿದ್ದನ್ನು ತಂದು ಆರ್‌ಟಿಓ ಮುಂದೆ ನಿಲ್ಲಿಸುವ ಧೈರ್ಯ ನನಗಿಲ್ಲ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆಗ ಗಾಡಿಗೆ ರಜೆ, ಬ್ಯಾಟರಿಗೆ ಚಾರ್ಜರ್, ನನಗೆ ಸ್ಪ್ಯಾನರ್. ಪ್ರತಿ ಬೋಲ್ಟ್ ಬಿಗಿ ಮಾಡಿ ಅದರ ಮೇಲೆ ಹಳದಿ ಬಣ್ಣದ ಗೆರೆ ಎಳೆಯುತ್ತೇನೆ. ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

2022ರಲ್ಲಿ ವೆಸ್ಟ್‌ಫೀಲ್ಡ್ ಕಂಪನಿ ಸಾಲದ ತೊಂದರೆಯಲ್ಲಿ ಆಡಳಿತಗಾರರ ಕೈಗೆ ಹೋದಾಗ ಗಾಬರಿಯಾಗಿತ್ತು, ಇನ್ನು ಬಿಡಿಭಾಗಕ್ಕೆ ಏನು ಗತಿ ಅಂತ. ಅಂಥ ಕಷ್ಟವೇನೂ ಆಗಲಿಲ್ಲ. ಸವೆಯುವ ಭಾಗಗಳಲ್ಲಿ ಮುಕ್ಕಾಲು ಫೋರ್ಡ್‌ನವೇ. ಹೋದ ತಿಂಗಳಿಂದ ಹಿಂದಿನ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡು ಚಕ್ರಕ್ಕೂ ಹಂಚುವ ಗೇರ್ ಪೆಟ್ಟಿಗೆ) ಐವತ್ತು ಮೈಲಿ ವೇಗದಲ್ಲಿ ಸಣ್ಣಗೆ ಗುಂಯ್ ಅನ್ನಲು ಶುರು ಮಾಡಿದೆ. ಅದು ಫೋರ್ಡ್ ಸಿಯೆರಾದ್ದು. ಹಳೇ ಸಾಮಾನಿನವರ ಹತ್ತಿರ 110 ಪೌಂಡ್‌ಗೆ ಇನ್ನೊಂದು ಸಿಕ್ಕಿತು. ಈಗ ಗ್ಯಾರೇಜಿನಲ್ಲಿ ಸೋನಾ ಮಸೂರಿ ಚೀಲದ ಪಕ್ಕ, ಹಳೇ ಟವೆಲ್ ಮೇಲೆ ಕೂತಿದೆ. ಅಕ್ಕಿಗೆ ಎಣ್ಣೆ ವಾಸನೆ ಹತ್ತುವ ಮೊದಲು ಹಾಕಿ ಮುಗಿಸಬೇಕು.