ಇ-ಪುಸ್ತಕ: ಚಂದಾ ಕಟ್ಟೋದಾ, ಕೊಳ್ಳೋದಾ, ಪುಕ್ಕಟೆಯದ್ದೇ ಸಾಕಾ?

ಹಾಸನದ ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಇ-ಪುಸ್ತಕ ತರಿಸೋಣ ಅಂದಾಗ, "2025ರಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಇದೆಯಲ್ಲ ಮೇಡಂ, ಮತ್ತೆ ದುಡ್ಡು ಯಾಕೆ?" ಅಂದ ಮೇಷ್ಟ್ರುಗಳೇ ಜಾಸ್ತಿ. ಅದು ಕೇಂದ್ರ ಸರ್ಕಾರದ ಯೋಜನೆ, ಅದರಲ್ಲಿ ಬರೋದು 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಜರ್ನಲ್. ಪುಸ್ತಕಕ್ಕೆ ಬೇರೆ ದಾರಿಯನ್ನೇ ನೋಡಬೇಕು.

ಮೊದಲು ಚಂದಾ ಪ್ಯಾಕೇಜಿನ ಟ್ರಯಲ್ ಹಾಕಿಸಿಕೊಂಡೆವು. ಪಟ್ಟಿ ನೋಡಿದರೆ ಕಣ್ಣು ತುಂಬುತ್ತದೆ. ಸಿಲಬಸ್ ಹಿಡಿದು ಹುಡುಕಿದಾಗ ಬಣ್ಣ ಬಯಲಾಯಿತು. ಎಂಬಿಎ, ಕಂಪ್ಯೂಟರ್ ಸೈನ್ಸ್‌ಗೆ ಪರವಾಗಿಲ್ಲ, ಕನ್ನಡ ಎಂಎಗೆ ಸೊನ್ನೆ. ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು, ಅದು ನಿಜವಾಗ್ಲೂ ಅನುಕೂಲ. ಆದರೆ ಒಂದು ವರ್ಷ ಹಣ ಕಟ್ಟದಿದ್ದರೆ ಕೈಯಲ್ಲಿ ಏನೂ ಉಳಿಯಲ್ಲ.

ಕೊಂಡರೆ ಪುಸ್ತಕ ನಮ್ಮದೇ. ಆದರೆ ಲೈಸೆನ್ಸ್ ಓದಿ ನೋಡಿ. ಕಡಿಮೆ ಬೆಲೆಯದ್ದು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ಪರೀಕ್ಷೆ ಹತ್ತಿರ ಬಂದಾಗ ಇಡೀ ಕ್ಲಾಸಿಗೆ ಬೇಕಾಗೋದು ಅದೇ ಪುಸ್ತಕ ಅಲ್ವಾ? ಕೆಲವು ದೊಡ್ಡ ಪ್ರಕಾಶಕರು ಕಾಪಿ ತಡೆಯುವ ಬೀಗ ಹಾಕದೆ ಅಧ್ಯಾಯಗಳನ್ನು ಪಿಡಿಎಫ್ ಆಗಿ ಕೊಡುತ್ತಾರೆ. ಸಕಲೇಶಪುರದ ಕಡೆ ಬಸ್ಸಲ್ಲಿ ನೆಟ್‌ವರ್ಕ್ ಹೋದರೂ ಮೊಬೈಲಲ್ಲಿ ಓದಬಹುದು. ಅವರಲ್ಲಿ ಕೆಲವರ ಹತ್ತಿರ ಒಂದೊಂದೇ ಪುಸ್ತಕ ಆರಿಸಿಕೊಳ್ಳೋದು ಕಷ್ಟ, ಸಾಮಾನ್ಯವಾಗಿ ಕಂತೆಯನ್ನೇ ಕೊಳ್ಳಬೇಕು. ಅಷ್ಟು ಬಜೆಟ್ ನಮ್ಮಲ್ಲಿಲ್ಲ ಬಿಡಿ.

ಇನ್ನು ಪುಕ್ಕಟೆಯದ್ದು. ಐಐಟಿ ಖರಗ್‌ಪುರ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿಯಲ್ಲಿ ಹುಡುಕೋದು ಸುಲಭ. ಆದರೆ ಎಷ್ಟೋ ಕಡೆ ಅದು ದಾರಿ ತೋರಿಸುತ್ತದೆ ಅಷ್ಟೆ, ಆ ಕಡೆ ಬಾಗಿಲು ತೆರೆದಿರಬೇಕು. ಹಳೆಯ ಪುಸ್ತಕಕ್ಕೆ ಮಾತ್ರ ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ಪುಕ್ಕಟೆ ಕೊಡುವ ಇಂಟರ್ನೆಟ್ ಆರ್ಕೈವ್ ಜಾಲತಾಣಕ್ಕೆ ಸಾಟಿಯಿಲ್ಲ. ಶಾಸನ ತಜ್ಞ ಬಿ.ಎಲ್. ರೈಸ್ 1902ರಲ್ಲಿ ತಂದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಹುಡುಗರು ಈಗ ಮೊಬೈಲಲ್ಲೇ ತಿರುವಿ ಹಾಕುತ್ತಾರೆ. ಅಚ್ಚಿನ ಪ್ರತಿ ಸಿಕ್ಕರೂ ಮುಟ್ಟಲು ಭಯ, ಹಾಳೆ ಪುಡಿಯಾಗುತ್ತದೆ.

ಕನ್ನಡದ ಕಥೆ ಯಾವ ದಾರಿಯಲ್ಲೂ ಒಂದೇ. ಒಂದು ಪಿಡಿಎಫ್ ತೆಗೆದು "ಹೊಯ್ಸಳ" ಅಂತ ಟೈಪ್ ಮಾಡಿದೆ. ಪದ ಕಣ್ಣೆದುರೇ ಇದೆ, ಹುಡುಕಾಟದಲ್ಲಿ ಮಾತ್ರ ಸಿಗಲಿಲ್ಲ! ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಲ್ಲ ಕಡೆ ಒಂದೇ ರೀತಿ ಓದಿಸಿಕೊಳ್ಳುವ ಯೂನಿಕೋಡ್ ಅಕ್ಷರ ಸಂಕೇತದ ಬದಲು ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲ್ ಅದು. ಸ್ಕ್ಯಾನ್ ಮಾಡಿದ ಕನ್ನಡ ಪುಟಗಳಲ್ಲೂ ಹುಡುಕಾಟ ನೆಚ್ಚುವಂತಿಲ್ಲ. ಬರೀ ಪಿಡಿಎಫ್ ಇದ್ದರೆ ಇನ್ನೊಂದು ತಾಪತ್ರಯ. ಚಿಕ್ಕ ಪರದೆಯಲ್ಲಿ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯುತ್ತಾ ಕೂರಬೇಕು. ಇ-ಪುಸ್ತಕದ್ದೇ ಇನ್ನೊಂದು ಫೈಲ್ ಮಾದರಿ ಇಪಬ್ ಆದರೆ ಅಕ್ಷರ ದೊಡ್ಡದು ಮಾಡಿದರೂ ಸಾಲು ತಾನೇ ಹೊಂದಿಕೊಳ್ಳುತ್ತದೆ.

ನನ್ನ ಆಯ್ಕೆ ಹೀಗೆ. ಪುಕ್ಕಟೆ ಸಿಗೋದಕ್ಕೆ ದುಡ್ಡು ಬೇಡ. ಎಲ್ಲರೂ ಕೇಳುವ ಕೆಲವು ಪುಸ್ತಕಗಳನ್ನು ಮಾತ್ರ ಹಲವರು ಒಟ್ಟಿಗೆ ಓದುವ ಲೈಸೆನ್ಸಿನಲ್ಲಿ ಕೊಳ್ಳೋಣ. ಚಂದಾ ಪ್ಯಾಕೇಜ್ ಸದ್ಯಕ್ಕೆ ಬೇಡ. ಕನ್ನಡದ ಬಜೆಟ್ ಪೂರ್ತಿ ಅಚ್ಚಿನ ಪುಸ್ತಕಕ್ಕೇ ಇರಲಿ. ಡೆಮೊ ತೋರಿಸಲು ಏಜೆಂಟ್ ಬಂದರೆ ಅವರ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ. ಒಬ್ಬ ವಿದ್ಯಾರ್ಥಿಯ ಮೊಬೈಲಲ್ಲಿ ಕ್ಯಾಂಪಸ್ ವೈಫೈ ಆಫ್ ಮಾಡಿಸಿ, ಹೊರಗಿದ್ದಾಗಲೂ ಪುಸ್ತಕ ತೆರೆಯುತ್ತದೋ ಅಂತ ತೆರೆಸಿ ನೋಡಿ.