‘ದಟ್ ಯು ಮಸ್ಟ್ ಸೈನ್’ ಬರೆಯಬೇಕೋ, ‘ಟು ಸೈನ್’ ಸಾಕೋ?

ಇಂಗ್ಲಿಷ್ ಇಮೇಲಿನಲ್ಲಿ ‘ಸಹಿ ಹಾಕಬೇಕಾದ ಫಾರಂ’ ಎನ್ನಲು ಎರಡು ದಾರಿ. ‘ದ ಫಾರಂ ದಟ್ ಯು ಮಸ್ಟ್ ಸೈನ್’ ಉದ್ದ, ಆದರೆ ಯಾರು ಹಾಕಬೇಕು, ಕಡ್ಡಾಯವೋ ಅಲ್ಲವೋ ಎರಡೂ ಸ್ಪಷ್ಟ. ಮಸ್ಟ್ ತೆಗೆದು ಕ್ಯಾನ್ ಇಟ್ಟರೆ ‘ಹಾಕಬಹುದಾದ’. ಶುಡ್ ಇಟ್ಟರೆ ಬಿಗಿ ಸಡಿಲಿ ಸಲಹೆಯಾಗುತ್ತದೆ. (ದಟ್ ಬಿಟ್ಟರೂ ತಪ್ಪಿಲ್ಲ.)

‘ದ ಫಾರಂ ಟು ಸೈನ್’ ಚುಟುಕು. ಬೇಕೋ, ಬಹುದೋ ಎಂಬುದನ್ನು ಓದುವವರ ಊಹೆಗೆ ಬಿಡುತ್ತದೆ. ಗಡುವು, ದುಡ್ಡು, ಕಾನೂನಿನ ಮಾತಿದ್ದರೆ ಮೊದಲನೆಯದೇ ಸರಿ. ಕೆಲಸಗಳ ಪಟ್ಟಿಗೆ ಎರಡನೆಯದು ಸಾಕು. ‘ದ ಫಸ್ಟ್ ಪರ್ಸನ್ ಟು ಸೈನ್’ ಮಾತ್ರ ಬೇರೆ: ಸಾಮಾನ್ಯವಾಗಿ ಮೊದಲು ಸಹಿ ಹಾಕಿದವರು ಅಷ್ಟೇ.

ಎರಡರಲ್ಲೂ ಕಾಲು ಜಾರುವುದು ಕೊನೆಯಲ್ಲಿ. ‘ಸೈನ್ ಇಟ್’ ಎಂದು ಬರೆಯಬೇಡಿ. ಫಾರಂ ಮೊದಲೇ ಬಂದಾಗಿದೆ, ಇಟ್‌ಗೆ ಜಾಗವಿಲ್ಲ. ಮಸ್ಟ್ ಆದ ಮೇಲೆ ಟು ಕೂಡ ಬೇಡ.