ಬೇಲೂರು–ಹಳೇಬೀಡು ಬಿಟ್ಟು ಹಾಸನದಲ್ಲಿ ಇನ್ನೇನಿದೆ? ನಾಲ್ಕು ವಿಚಿತ್ರ ಜಾಗಗಳ ರಿವ್ಯೂ

ಹಾಸನ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬೇಲೂರು, ಹಳೇಬೀಡು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಭಾನುವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬೇರೆ ಬರೆಯುವುದು ಬೇಡ. ಅದೇ ಜಿಲ್ಲೆಯ ಸಣ್ಣ ರಸ್ತೆಗಳಲ್ಲಿ ಇನ್ನೂ ನಾಲ್ಕು ಜಾಗಗಳಿವೆ. ನೀರಲ್ಲಿ ಮುಳುಗುವ ಚರ್ಚ್, ನಕ್ಷತ್ರದ ಆಕಾರದ ಕೋಟೆ, ಅಸ್ಥಿಪಂಜರಗಳು ಬಾಗಿಲು ಕಾಯುವ ದೇವಸ್ಥಾನ, ಆಮೇಲೆ ಶಾಸನವೇ ಇಲ್ಲದ ಶಾಸನದ ಊರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ನಾಲ್ಕರಲ್ಲೂ ನೀವು ಏನನ್ನು ನೋಡಲು ಹೋಗಿರುತ್ತೀರೋ ಅದೇ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. "ಏನೂ ಇಲ್ಲ, ಸುಮ್ನೆ ಪೆಟ್ರೋಲ್ ದಂಡ" ಅಂತ ಬೈದುಕೊಂಡು ವಾಪಸ್ ಬಂದವರು ನನ್ನ ಪರಿಚಯದಲ್ಲೇ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸ್ವಲ್ಪ ತಿಳಿದುಕೊಂಡು ಹೋದರೆ ಬೇಲೂರಿನ ಗದ್ದಲಕ್ಕಿಂತ ಇವೇ ಜಾಸ್ತಿ ಖುಷಿ ಕೊಡುತ್ತವೆ, ಇದು ನನ್ನ ಅನುಭವ.

ಶೆಟ್ಟಿಹಳ್ಳಿ ಚರ್ಚ್

ಹಾಸನದಿಂದ ಸುಮಾರು 20 ಕಿ.ಮೀ. ದೂರ, ಹೇಮಾವತಿ ಹಿನ್ನೀರಿನ ಅಂಚಿನಲ್ಲಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಇದು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಕೆಲಸ ಮುಗಿಯಿತು, ಹಿನ್ನೀರು ನಿಂತಿತು, ಜನ ಬೇರೆ ಕಡೆ ಹೋಗಿ ಮನೆ ಕಟ್ಟಿಕೊಂಡರು, ಚರ್ಚ್ ಮಾತ್ರ ಇದ್ದಲ್ಲೇ ಉಳಿಯಿತು. ಅವತ್ತಿನಿಂದ ಮಳೆಗಾಲದಲ್ಲಿ ಮುಳುಗುವುದು, ಬೇಸಿಗೆಗೆ ಎದ್ದು ಬರುವುದು, ಇದೇ ಅದರ ಕೆಲಸ.

ಎಲ್ಲರೂ ಎಡವುವುದು ಇಲ್ಲೇ. ಫೋಟೋದಲ್ಲಿ ಅರ್ಧ ಮುಳುಗಿದ ಚರ್ಚ್, ಸುತ್ತ ನೀಲಿ ನೀರು, ಮೇಲೆ ಹಕ್ಕಿಗಳು. ಅದನ್ನು ನೋಡಿ ಏಪ್ರಿಲ್‌ನಲ್ಲಿ ಹೋದರೆ ಒಣಗಿದ ಕೆರೆಯಂಗಳದ ನಡುವೆ ಒಂದು ಪಾಳುಬಿದ್ದ ಕಟ್ಟಡ ನಿಂತಿರುತ್ತದೆ. ಆಗಸ್ಟ್‌ನಲ್ಲಿ ಒಳಗೆ ಓಡಾಡೋಣ ಅಂತ ಹೋದರೆ ಸೇತುವೆ ಮೇಲೆ ನಿಂತು ನೀರು ನೋಡಿಕೊಂಡು ಬರಬೇಕು. ದನ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. "ಮಳೆಗಾಲ್ದಾಗೆ ಬಂದು ಚರ್ಚ್ ಎಲ್ಲೈತೆ ಅಂತಾರೆ, ಬ್ಯಾಸ್ಗೇಲಿ ಬಂದು ನೀರೆಲ್ಲೈತೆ ಅಂತಾರೆ, ಏನ್ ಹೇಳಾದು ಸಾ" ಅಂದರು.

ನನ್ನ ಸಲಹೆ ಇಷ್ಟೇ. ಮಳೆಗಾಲದಲ್ಲಿ ಪೇಪರ್‌ನಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದಲ್ಲ, ಅದನ್ನು ನೋಡಿ. ಹೇಮಾವತಿಯ ಪೂರ್ಣ ಮಟ್ಟ 2,922 ಅಡಿ. ಅದರ ಹತ್ತಿರ ಇದ್ದರೆ ದೂರದಿಂದಲೇ ದರ್ಶನ. ಚೆನ್ನಾಗಿ ಇಳಿದಿದ್ದರೆ ನಡೆದುಕೊಂಡೇ ಒಳಗೆ ಹೋಗಬಹುದು. ಅರ್ಧಂಬರ್ಧ ಮುಳುಗಿದ ಆ ಫೋಟೋ ಬೇಕಾದರೆ ನೀರು ಏರುವಾಗ ಅಥವಾ ಇಳಿಯುವಾಗ ಹೋಗಬೇಕು, ಅದಕ್ಕೆ ಸ್ವಲ್ಪ ಅದೃಷ್ಟವೂ ಬೇಕು.

ನನಗೆ ಇಷ್ಟವಾಗಿದ್ದು ನೀರಿಲ್ಲದ ಚರ್ಚೇ. ಚಾವಣಿ ಇಲ್ಲ, ಮೇಲೆ ಬರೀ ಆಕಾಶ. ಚೂಪು ಕಮಾನುಗಳು ಸಾಲಾಗಿ ನಿಂತಿವೆ. ಗಾರೆ ಉದುರಿದ ಕಡೆ ಒಳಗಿನ ಇಟ್ಟಿಗೆ ಕಾಣುತ್ತದೆ. ಗೋಡೆಯ ಮೇಲೆ ನೀರು ನಿಂತು ಇಳಿದ ಗೆರೆಗಳು, ಒಂದರ ಮೇಲೊಂದು, ಕೆಳಗಿನವು ಕಪ್ಪು, ಮೇಲಿನವು ಮಾಸಲು. ನೆಲದಲ್ಲಿ ಒಣಗಿ ಬಿರುಕು ಬಿಟ್ಟ ಕೆಸರು, ಅದರ ಸಂದಿಯಲ್ಲಿ ಬೆರಳಿನ ಉಗುರಿನಷ್ಟು ಚಿಕ್ಕ ಚಿಪ್ಪುಗಳು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದಕ್ಕೇ ಇಷ್ಟು ವರ್ಷ ನಿಂತಿದೆ ಅಂತ ಜನ ಹೇಳುತ್ತಾರೆ. ಏನು ಹಾಕಿದ್ದರೂ ಎಲ್ಲದಕ್ಕೂ ಒಂದು ಮಿತಿ ಇದೆ. ವರ್ಷಾ ವರ್ಷಾ ನೆನೆದು ಒಣಗಿ ಕೆಲವು ಕಡೆ ಗೋಡೆ ಆಗಲೇ ಕುಸಿದಿದೆ. ಹಾಗಾಗಿ ದಯವಿಟ್ಟು ಗೋಡೆ ಹತ್ತಬೇಡಿ, ಕಮಾನಿನ ಕೆಳಗೆ ಕೂತು ಊಟ ಮಾಡಬೇಡಿ. ನಾವು ಹೋದಾಗ ಒಂದು ಪ್ರೀ-ವೆಡ್ಡಿಂಗ್ ಶೂಟ್ ನಡೆಯುತ್ತಿತ್ತು, ಬಣ್ಣದ ಹೊಗೆ ಬಿಟ್ಟುಕೊಂಡು, ಮದುಮಗನನ್ನು ಗೋಡೆ ಮೇಲೆ ನಿಲ್ಲಿಸಿಕೊಂಡು. ಮದುವೆಗೆ ಮುಂಚೆಯೇ ಯಾಕಪ್ಪಾ ಇಷ್ಟು ಅವಸರ ಅನ್ನಿಸಿತು. ಇದ್ದಿಲಲ್ಲಿ ಹೆಸರು ಬರೆಯುವ ಪ್ರೇಮಿಗಳ ಬಗ್ಗೆ ನಾನು ಮಾತಾಡುವುದಿಲ್ಲ, ಬಿಪಿ ಏರುತ್ತದೆ.

ಶೌಚಾಲಯ, ಕುಡಿಯುವ ನೀರು ಯಾವುದನ್ನೂ ನಂಬಿಕೊಂಡು ಹೋಗಬೇಡಿ. ನೆರಳಂತೂ ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ನೋಡಿ ಮುಗಿಸಿದರೆ ಒಳ್ಳೆಯದು. ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಚರ್ಚಿನ ತಪ್ಪಿಗಲ್ಲ, ಅದನ್ನು ಹಾಗೇ ಬಿಟ್ಟಿರುವುದಕ್ಕೆ.

ಮಂಜರಾಬಾದ್ ಕೋಟೆ

ಸಕಲೇಶಪುರ ದಾಟಿ ಮಂಗಳೂರು ಕಡೆ ಐದಾರು ಕಿ.ಮೀ. ಹೋದರೆ ದೋಣಿಗಾಲ್. ಹೆದ್ದಾರಿ ಪಕ್ಕದಲ್ಲೇ ಗುಡ್ಡ, ಗುಡ್ಡದ ಮೇಲೆ ಕೋಟೆ. ಮೆಟ್ಟಿಲು ಸುಮಾರು 250. ಅಮ್ಮನಿಗೆ ಮಂಡಿ ನೋವು, ಆದರೂ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಹತ್ತಿದರು. ಅಂದರೆ ನೀವೂ ಹತ್ತಬಹುದು.

ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, 1792ರ ಹೊತ್ತಿಗೆ ಮುಗಿದಿತ್ತು. ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ವಿಶೇಷ ಏನೆಂದರೆ ಇದು ಎಂಟು ಮೂಲೆಯ ನಕ್ಷತ್ರ. ಫ್ರಾನ್ಸಿನ ವೊಬಾನ್ ಎಂಬ ಸೇನಾ ಎಂಜಿನಿಯರ್ ಹದಿನೇಳನೇ ಶತಮಾನದಲ್ಲಿ ಹೆಸರುವಾಸಿ ಮಾಡಿದ ಮಾದರಿ. ಟಿಪ್ಪುವಿಗೆ ಫ್ರೆಂಚರ ಒಡನಾಟ ಇತ್ತಲ್ಲ, ಹಾಗೆ ಬಂದಿದ್ದು.

ನಕ್ಷತ್ರ ಯಾಕೆ ಅಂತ ಹೋದವರೆಲ್ಲ ಕೇಳುತ್ತಾರೆ, ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಅಲಂಕಾರಕ್ಕಲ್ಲ. ಹಳೇ ಕಾಲದ ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ಅಂಟಿಕೊಂಡು ನಿಂತರೆ ಮೇಲಿನವರಿಗೆ ಅವನು ಕಾಣುವುದೇ ಇಲ್ಲ, ಗುಂಡು ಹೊಡೆಯುವುದಕ್ಕೂ ಆಗುವುದಿಲ್ಲ. ಮೂಲೆಗಳನ್ನು ಚೂಪಾಗಿ ಹೊರಗೆ ಚಾಚಿದರೆ ಒಂದು ಮೂಲೆಯವನಿಗೆ ಪಕ್ಕದ ಮೂಲೆಯ ಗೋಡೆ ಬುಡದವರೆಗೂ ಕಾಣುತ್ತದೆ. ಒಬ್ಬರ ಬೆನ್ನು ಇನ್ನೊಬ್ಬರು ಕಾಯುವ ಲೆಕ್ಕ. ಕೋಟೆಯ ಒಂದು ಚೂಪು ತುದಿಯಲ್ಲಿ ನಿಂತು ಎಡಕ್ಕೆ, ಬಲಕ್ಕೆ ನೋಡಿ, ಇದು ಒಂದೇ ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ತಮಾಷೆ ಅಂದರೆ ಒಳಗೆ ನಿಂತವರಿಗೆ ನಕ್ಷತ್ರ ಕಾಣುವುದೇ ಇಲ್ಲ. ಇಲ್ಲೊಂದು ಗೋಡೆ ತಿರುಗುತ್ತದೆ, ಅಲ್ಲೊಂದು ತಿರುಗುತ್ತದೆ, ಅಷ್ಟೇ. ನೀವು ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದ್ದೆಲ್ಲ ಡ್ರೋನ್ ಫೋಟೋ. ನಾನು ಮಾಡಿದ್ದು ಇಷ್ಟು: ಮೊಬೈಲ್‌ನಲ್ಲಿ ಉಪಗ್ರಹದ ಮ್ಯಾಪ್ ತೆಗೆದುಕೊಂಡು ಗೋಡೆಯ ಪಕ್ಕದಲ್ಲೇ ಪೂರ್ತಿ ಒಂದು ಸುತ್ತು ಬಂದೆ. ನೀಲಿ ಚುಕ್ಕೆ ಒಂದೊಂದೇ ಮೂಲೆಗೆ ಹೋಗಿ ಬರುತ್ತಿತ್ತು. ಜೊತೆಗಿದ್ದ ಅಕ್ಕನ ಮಗ, ಅಲ್ಲಿಯವರೆಗೆ "ಮಾಮ, ವಾಪಸ್ ಹೋಗೋಣ" ಅಂತಿದ್ದವನು, ಫೋನ್ ಕಿತ್ತುಕೊಂಡು ಎಂಟೂ ಮೂಲೆ ತಾನೇ ಓಡಿ ಮುಗಿಸಿದ. ಮಕ್ಕಳಿದ್ದರೆ ಹೀಗೇ ಮಾಡಿ.

ಕೋಟೆಯ ಮಧ್ಯದಲ್ಲಿ ಶಿಲುಬೆಯ ಆಕಾರದ ಕೊಳ ಇದೆ, ನಾಲ್ಕು ಕಡೆಯಿಂದ ಮೆಟ್ಟಿಲಿಳಿಯುತ್ತವೆ. ಅದರ ಹತ್ತಿರವೇ ನೆಲಮಾಳಿಗೆಯ ಕೋಣೆಗಳು, ಮದ್ದುಗುಂಡು ಇಡಲು ಮಾಡಿದ್ದು ಅನ್ನುತ್ತಾರೆ. ಇಳಿದರೆ ಬಿಸಿಲಿನಿಂದ ನೇರ ತಂಪಿಗೆ. ಮೋಡ ಇಲ್ಲದ ದಿನ ಗೋಡೆ ಮೇಲಿಂದ ಪಶ್ಚಿಮ ಘಟ್ಟ ಸಾಲು ಸಾಲಾಗಿ ಕಾಣುತ್ತದೆ. ಮಂಜು ಮುಚ್ಚಿದರೆ ಎದುರಿಗೆ ನಿಂತವರೂ ಕಾಣುವುದಿಲ್ಲ.

ಮಳೆಗಾಲದಲ್ಲಿ ಮೆಟ್ಟಿಲೆಲ್ಲ ಪಾಚಿ, ಹುಲ್ಲಲ್ಲಿ ಇಂಬಳ. ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ಒಳ್ಳೆಯ ಶೂ ಹಾಕಿಕೊಂಡು ಹೋಗಿ. ಗೋಡೆ ಅಂಚಿನಲ್ಲೂ ತಡೆ ಇಲ್ಲ, ಚಿಕ್ಕ ಮಕ್ಕಳ ಕೈ ಬಿಡಬೇಡಿ. ಇನ್ನು ಪಾರ್ಕಿಂಗ್. ಇದೊಂದು ದೊಡ್ಡ ತಲೆನೋವು. ಶಿರಾಡಿ ಘಾಟ್‌ಗೆ ಹೋಗುವ ಲಾರಿ, ಟ್ಯಾಂಕರ್ ಎಲ್ಲ ಪಕ್ಕದಲ್ಲೇ ಹಾರುತ್ತಿರುತ್ತವೆ, ಕಾರಿನ ಬಾಗಿಲು ತೆಗೆಯುವ ಮೊದಲು ಹಿಂದೆ ನೋಡಿ. ನಾಲ್ಕೂವರೆ ಸ್ಟಾರ್. ಡ್ರೋನ್ ಇಲ್ಲದವರಿಗಾಗಿ ಬಾಗಿಲಲ್ಲಿ ಒಂದು ಒಳ್ಳೆಯ ನಕ್ಷೆ ಹಾಕಿದರೆ ಐದು ಕೊಡುತ್ತಿದ್ದೆ.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೆದ್ದಾರಿ ಪಕ್ಕದ ದೊಡ್ಡ ಬೋರ್ಡಿನ ಹೋಟೆಲ್ ಒಂದರಲ್ಲಿ ಅಕ್ಕಿ ರೊಟ್ಟಿ ಆರ್ಡರ್ ಮಾಡಿದೆವು. ಯಾವಾಗಲೋ ತಟ್ಟಿ ಇಟ್ಟಿದ್ದನ್ನು ಮತ್ತೆ ಬಿಸಿ ಮಾಡಿ ಕೊಟ್ಟರು, ಹರಿಯಲು ಎರಡೂ ಕೈ ಬೇಕಾಯಿತು. ವಾಪಸ್ ಬರುವಾಗ ಸಕಲೇಶಪುರ ಪೇಟೆಯೊಳಗಿನ ಚಿಕ್ಕ ಹೋಟೆಲ್‌ಗೆ ಹೋದೆವು. ಕಾವಲಿಯಿಂದ ನೇರ ತಟ್ಟೆಗೆ ಬಂದ ರೊಟ್ಟಿ, ಕಾಯಿ ಚಟ್ನಿ, ಆಮೇಲೆ ಗಟ್ಟಿ ಕಾಫಿ. ಬೋರ್ಡ್ ನೋಡಿ ಮೋಸ ಹೋಗಬೇಡಿ, ಒಳಗೆ ಊರಿನವರು ಕೂತಿದ್ದಾರಾ ನೋಡಿ.

ದೊಡ್ಡಗದ್ದವಳ್ಳಿ

ನಾಲ್ಕರಲ್ಲಿ ನನ್ನ ಫೇವರಿಟ್ ಇದೇ. ಹಾಸನದಿಂದ ಬೇಲೂರಿಗೆ ಹೋಗುವಾಗ ಪಕ್ಕಕ್ಕೆ ಸ್ವಲ್ಪ ತಿರುಗಬೇಕು, ಅದಕ್ಕೇ ಜಾಸ್ತಿ ಜನ ತಿರುಗುವುದಿಲ್ಲ. ಕೆರೆ ದಡದಲ್ಲಿ ಲಕ್ಷ್ಮೀದೇವಿ ದೇವಸ್ಥಾನ. 1113–14ರ ಹೊತ್ತಿನದು, ಅಂದರೆ 1117ರ ಬೇಲೂರು ಚೆನ್ನಕೇಶವನಿಗಿಂತ ಸ್ವಲ್ಪ ಮೊದಲು. ಕಟ್ಟಿಸಿದ್ದು ರಾಜ ಅಲ್ಲ. ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಆಗ ವಿಷ್ಣುವರ್ಧನ ಆಳುತ್ತಿದ್ದ. ಹೊಯ್ಸಳರ ದೇವಸ್ಥಾನಗಳಲ್ಲಿ ನಾಲ್ಕು ಗರ್ಭಗುಡಿ ಇರುವುದು ಅಪರೂಪ, ಇದು ಹಾಗಿದೆ. ನಡುವೆ ಒಂದೇ ಹಜಾರ, ನಾಲ್ಕು ದಿಕ್ಕಿಗೆ ನಾಲ್ಕು ಗುಡಿ.

ಬೇಲೂರು ನೋಡಿ ಬಂದವರಿಗೆ ಹೊರಗೋಡೆ ಸಪ್ಪೆ ಅನ್ನಿಸಬಹುದು. ಶಿಲಾಬಾಲಿಕೆಯರಿಲ್ಲ, ಆನೆ ಸಾಲಿಲ್ಲ. "ಇಷ್ಟೇನಾ?" ಅಂತ ಹೊರಗಿನಿಂದಲೇ ವಾಪಸ್ ಹೊರಟ ಒಂದು ಕುಟುಂಬವನ್ನು ನಾನೇ ಕಣ್ಣಾರೆ ಕಂಡೆ. ಅಯ್ಯೋ, ಒಳಗೆ ಹೋಗಿ ಸ್ವಾಮಿ! ಕಾಳಿಯ ಗುಡಿ ಬಾಗಿಲಿಗೆ ಹೋಗಿ. ಅಲ್ಲಿ ಎರಡೂ ಬದಿ ಬೇತಾಳಗಳು ನಿಂತಿವೆ. ಬೇರೆ ಕಡೆ ದ್ವಾರಪಾಲಕರು ಅಂದರೆ ಕಿರೀಟ, ಗದೆ, ಒಡವೆ ಅಲ್ವಾ? ಇಲ್ಲಿ ಬರೀ ಮೂಳೆ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಹೊಟ್ಟೆ ಬೆನ್ನಿಗೆ ಹತ್ತಿದೆ, ಕಣ್ಣು ಗುಳಿ ಬಿದ್ದಿದೆ, ಹಲ್ಲು ಕಿರಿದುಕೊಂಡು ನಿಂತಿವೆ. ಒಂಬೈನೂರು ವರ್ಷದ ಹಿಂದೆ ಯಾರೋ ಒಬ್ಬ ಶಿಲ್ಪಿ ನಿಜವಾದ ಅಸ್ಥಿಪಂಜರವನ್ನು ಹತ್ತಿರದಿಂದ ನೋಡದೆ ಇದನ್ನು ಕೆತ್ತಿರಲಿಕ್ಕಿಲ್ಲ ಅಂತ ನನ್ನ ಅನುಮಾನ. ಒಳಗೆ ಕತ್ತಲೆ. ಟಾರ್ಚ್ ತೆಗೆದುಕೊಂಡು ಹೋಗಿ, ಬೆಳಕನ್ನು ನೇರ ಮುಖಕ್ಕೆ ಬಿಡಬೇಡಿ, ಪಕ್ಕದಿಂದ ಬಿಡಿ. ಆಗ ನೆರಳು ಬಿದ್ದು ಒಂದೊಂದು ಮೂಳೆಯೂ ಎದ್ದು ಬರುತ್ತದೆ. ಅಮ್ಮ ಕೈ ಮುಗಿದವರು ಹಾಗೇ ಒಂದು ಹೆಜ್ಜೆ ಹಿಂದೆ ಬಂದರು.

2020ರಲ್ಲಿ ಇಲ್ಲಿನ ಕಾಳಿಯ ಮೂರ್ತಿ ಒಡೆದು ಸುದ್ದಿಯಾಗಿತ್ತು, ನೆನಪಿರಬಹುದು. ಇಂಥ ಜಾಗಕ್ಕೆ ಜನ ಹೋಗಿ ಬರುತ್ತಿದ್ದರೆ ಕಾವಲೂ ಬಿಗಿಯಾಗಿರುತ್ತದೆ ಅನ್ನುವುದು ನನ್ನ ಲೆಕ್ಕ. ಐದಕ್ಕೆ ಐದು, ಚೌಕಾಸಿ ಇಲ್ಲ.

ಹಲ್ಮಿಡಿ

ಬೇಲೂರು ತಾಲ್ಲೂಕಿನ ಚಿಕ್ಕ ಹಳ್ಳಿ. ಶಾಲೆಯಲ್ಲಿ ಓದಿದ್ದೀರಿ, ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ. ಕನ್ನಡದ ಮೊದಲ ಶಾಸನ ಅಂತ ಬಾಯಿಪಾಠ ಮಾಡಿದ್ದೇ ಮಾಡಿದ್ದು. ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಇದಕ್ಕಿಂತ ಹಳೆಯದು ಅನ್ನುವ ವಾದ ಬಂದ ಮೇಲೆ ಆ ಪಟ್ಟ ಈಗ ಸ್ವಲ್ಪ ಅಲುಗಾಡುತ್ತಿದೆ, ಇರಲಿ.

ಊರಿಗೆ ಹೋದರೆ ಇರುವುದು ಪ್ರತಿಕೃತಿ. ಮೂಲ ಕಲ್ಲು ಇಲ್ಲಿಲ್ಲ, ಅದನ್ನು ಸರ್ಕಾರ ಬೇರೆ ಕಡೆ ಕಾಪಾಡಿ ಇಟ್ಟಿದೆ. 1936ರಲ್ಲಿ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇದನ್ನು ಹೊರಜಗತ್ತಿಗೆ ತೋರಿಸಿದರು. ಎರಡೂವರೆ ಅಡಿಯಷ್ಟೇ ಎತ್ತರದ ಕಲ್ಲು, 16 ಸಾಲು. ನಾನು ಎಷ್ಟೋ ದೊಡ್ಡದು ಅಂದುಕೊಂಡಿದ್ದೆ. ಅಂದರೆ ನೋಡಲು ನಿಜಕ್ಕೂ ಜಾಸ್ತಿ ಏನಿಲ್ಲ, ಅರ್ಧ ಗಂಟೆ ಸಾಕು.

ಆದರೂ ಹೋಗಿ ಅನ್ನುತ್ತೇನೆ, ಒಂದೇ ಕಾರಣಕ್ಕೆ. ಶಾಸನದ ವಿಷಯ ಓದಿಕೊಂಡು ಹೋಗಿ. ಯುದ್ಧದಲ್ಲಿ ಗೆದ್ದ ವಿಜಾರಸ ಎಂಬ ವೀರನಿಗೆ 'ಬಾಳ್ಗಳ್ಚು' ಅಂದರೆ ಕತ್ತಿ ತೊಳೆಯುವ ಗೌರವದ ಜೊತೆ ಪಲ್ಮಡಿ, ಮೂೞವಳ್ಳಿ ಎಂಬ ಎರಡು ಹಳ್ಳಿಗಳನ್ನು ಕೊಟ್ಟರು ಅಂತ ಅದರಲ್ಲಿದೆ. ಆ ಪಲ್ಮಡಿಯೇ ನೀವು ನಿಂತಿರುವ ಹಲ್ಮಿಡಿ. ಹದಿನೈದು ನೂರು ವರ್ಷದ ಹಿಂದೆ ಯಾರಿಗೋ ಬಹುಮಾನವಾಗಿ ಕೊಟ್ಟ ಊರಲ್ಲಿ ಈಗಲೂ ಜನ ಹಾಲು ಕರೆದುಕೊಂಡು, ಮಕ್ಕಳನ್ನು ಸ್ಕೂಲಿಗೆ ಕಳಿಸಿಕೊಂಡು ಇದ್ದಾರೆ. ಮೂಲ ಕಲ್ಲನ್ನು ಬೇರೆಲ್ಲೋ ನಿಂತು ನೋಡಿದರೆ ಇದು ಹೊಳೆಯುವುದಿಲ್ಲ. ಮೂರು ಸ್ಟಾರ್ ಕೊಡುತ್ತೇನೆ, ಕನ್ನಡ ಮೇಷ್ಟ್ರುಗಳಿದ್ದರೆ ಐದು ಅಂದುಕೊಳ್ಳಿ.

ನಾಲ್ಕನ್ನೂ ಒಂದೇ ದಿನಕ್ಕೆ ತುರುಕಬೇಡಿ. ಶೆಟ್ಟಿಹಳ್ಳಿ ಮತ್ತು ಮಂಜರಾಬಾದ್ ಒಂದು ದಿನ, ದೊಡ್ಡಗದ್ದವಳ್ಳಿ ಮತ್ತು ಹಲ್ಮಿಡಿ ಇನ್ನೊಂದು ದಿನ. ಎರಡನೇ ದಿನ ದಾರಿಯಲ್ಲಿ ಬೇಲೂರು ಹೇಗೂ ಸಿಗುತ್ತದೆ, ಊಟ ಅಲ್ಲೇ ಮಾಡಿ. ಹಾಸನದಲ್ಲೇ ರೂಮ್ ಮಾಡಿದರೆ ಎಲ್ಲದಕ್ಕೂ ಅನುಕೂಲ. ಬಸ್ಸಿನಲ್ಲಿ ಹೋಗುವವರು ಮೇನ್ ರೋಡಿನಿಂದ ಒಳಗೆ ಹೋಗಲು ಆಟೋ ಮಾತಾಡಿಕೊಳ್ಳಬೇಕು, ಬರಿ ಹೋಗುವುದಕ್ಕಲ್ಲ, ವಾಪಸ್ ಬರುವುದಕ್ಕೂ ಸೇರಿಸಿ ಮೊದಲೇ ರೇಟ್ ಮಾತಾಡಿ.